ಎಡಗಾಲಿಗೆ ರಜೆ, ಜೇಬಿಗೆ ಸಜೆ?
ಲಕ್ಷ ಕಿ.ಮೀ. ಓಡಿದ ಆಟೋಮ್ಯಾಟಿಕ್ ಕಾರು ಕೊಳ್ಳಲು ಹೊರಟವರ ಗಮನಕ್ಕೆ

ಶಿವಮೊಗ್ಗ: ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಸುತ್ತು ಹಾಕಿ ಬನ್ನಿ. ತೊಳೆದು, ಪಾಲಿಶ್ ಹೊಡೆದು, ಟೈರಿಗೆ ಕಪ್ಪು ಬಳಿದು ಮದುಮಗನ ಹಾಗೆ ನಿಲ್ಲಿಸಿದ ಹಳೇ ಕಾರುಗಳು ಕಣ್ಣಿಗೆ ಬೀಳುತ್ತವೆ. ಮುಂದಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಮಾಡೆಲ್ಲು, ದರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಆಟೋಮ್ಯಾಟಿಕ್' ಎಂಬ ಒಂದು ಮಾತು. ಒಂದು ಕಾಲಕ್ಕೆ ಆ ಮಾತು ಓದಿದ ಗಿರಾಕಿ ಮಾರು ದೂರ ಸರಿಯುತ್ತಿದ್ದ. ಈಗ ಅದೇ ಮಾತು ಓದಿ ಹತ್ತಿರ ಬರುತ್ತಾನೆ.

ಬರದೆ ಏನು ಮಾಡುತ್ತಾನೆ ಸ್ವಾಮಿ? ಅರವತ್ತು ದಾಟಿದವರ ಮಂಡಿ ಕ್ಲಚ್ ತುಳಿಯಲು ಒಪ್ಪುವುದಿಲ್ಲ. ಹೊಸದಾಗಿ ಕಾರು ಕಲಿತ ಮನೆಯವರಿಗೆ ಗೋಪಿ ಸರ್ಕಲ್ಲಿನಲ್ಲಿ ಇಂಜಿನ್ ಆಫ್ ಆಗಿ ಹಿಂದಿನವನು ಹಾರ್ನ್ ಹೊಡೆದರೆ ಜೀವ ಬಾಯಿಗೆ ಬರುತ್ತದೆ. ಗೇರಿಲ್ಲದ ಕಾರು ಇವರಿಗೆ ದೇವರು ಕೊಟ್ಟ ವರದ ಹಾಗೆ. ಹೊಸದಕ್ಕೆ ದುಡ್ಡು ಸಾಲದು. ಹಾಗಾಗಿ ಬೆಂಗಳೂರಿನಲ್ಲಿ ಒಂದು ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರ್ ಓಡಿ ಸುಸ್ತಾದ ಕಾರುಗಳು ಕೆಎ 01, 03, 05 ಎಂಬ ನಂಬರಿನೊಂದಿಗೆ ನಮ್ಮೂರಿಗೆ ಬಂದು, ನಮ್ಮವರ ಗ್ರಾಚ್ಯುಟಿ ಹಣ, ಅಡಿಕೆ ಹಣ ನುಂಗಲು ಬಾಯಿ ತೆರೆದು ನಿಲ್ಲುತ್ತವೆ.

ಎಲ್ಲವೂ ಕೆಟ್ಟ ಗಾಡಿಗಳು ಎಂದು ನಾವು ಹೇಳುತ್ತಿಲ್ಲ. ಒಳ್ಳೆಯವೂ ಇವೆ. ಆದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಬಣ್ಣ ನೋಡಿ ಹೇಳಲಾಗದು. ರೋಗ ಇರುವುದು ಗೇರ್‌ಬಾಕ್ಸಿನ ಹೊಟ್ಟೆಯೊಳಗೆ.

ತಳ್ಳುವ ಕಾಲ ಹೋಯಿತು

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಗಾಡಿ ನಿಂತರೆ ನಾಲ್ಕು ಹುಡುಗರನ್ನು ಕರೆದು ತಳ್ಳಿಸಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಎದ್ದು ಕೂರುತ್ತಿತ್ತು. ಇಂದಿನ ಆಟೋಮ್ಯಾಟಿಕ್ ಹಾಗಲ್ಲ. ಬ್ಯಾಟರಿ ಸತ್ತರೆ ಊರೆಲ್ಲಾ ಸೇರಿ ತಳ್ಳಿದರೂ ಸ್ಟಾರ್ಟ್ ಆಗದು. ಗಾಡಿಯನ್ನು ಓಡಿಸುವ ಚಕ್ರಗಳು ನೆಲದ ಮೇಲಿದ್ದ ಹಾಗೇ ಹಗ್ಗ ಕಟ್ಟಿ ದೂರ ಎಳೆದರೆ ಗೇರ್‌ಬಾಕ್ಸೇ ಹೋಗಬಹುದು. ಒಳಗೆ ಎಣ್ಣೆ ತಳ್ಳುವ ಪಂಪು ತಿರುಗುವುದು ಇಂಜಿನ್ ಓಡಿದಾಗ ಮಾತ್ರ. ಇಂಜಿನ್ ನಿಂತು ಚಕ್ರ ತಿರುಗಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿಕೊಳ್ಳುತ್ತವೆ.

ಮ್ಯಾನುಯಲ್ ಗಾಡಿಯ ಕ್ಲಚ್ ಪ್ಲೇಟು ಸವೆದರೆ ನಮ್ಮೂರಿನ ಯಾವ ಗ್ಯಾರೇಜಿನಲ್ಲೂ ಒಂದೆರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಆಟೋಮ್ಯಾಟಿಕ್ ಬಿಚ್ಚುವ ಕೈಗಳು ಜಿಲ್ಲೆಯಲ್ಲಿ ಬೆರಳೆಣಿಕೆ. ಬಾಕ್ಸ್ ಇಳಿಸಿ ಬೆಂಗಳೂರಿಗೆ ಕಳಿಸುವುದು, ಅಲ್ಲಿಂದ 'ಸಾಮಾನು ಬರ್ಬೇಕು' ಎಂಬ ಫೋನು ಕೇಳುತ್ತ ವಾರಗಟ್ಟಲೆ ಕೂರುವುದು, ಕೊನೆಗೆ ಲಕ್ಷ ದಾಟಿದ ಬಿಲ್ಲು ಕೈಗೆ ಬರುವುದು ಹೊಸ ಕಥೆಯೇನಲ್ಲ.

ನಾಲ್ಕು ಜಾತಿ, ನಾಲ್ಕು ರೋಗ

'ಆಟೋಮ್ಯಾಟಿಕ್' ಎಂದು ಒಂದೇ ಹೆಸರಿನಲ್ಲಿ ಮಾರುವ ಕಾರುಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿ ಇವೆ. ಕೊಳ್ಳುವವನು ಮೊದಲು ಕೇಳಬೇಕಾದ್ದು 'ಇದು ಯಾವ ಜಾತಿ?' ಅಂತ.

ಮೊದಲನೆಯದು ಎ.ಎಂ.ಟಿ. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಕೈಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೋ ಇದನ್ನು ನಮ್ಮ ದೇಶಕ್ಕೆ ತಂದಿತು. ಗೇರ್ ಬದಲಿಸುವಾಗ ತಲೆದೂಗಿದ ಹಾಗೆ ಸ್ವಲ್ಪ ಜಗ್ಗುವುದು ಇದರ ಹುಟ್ಟುಗುಣ, ರೋಗವಲ್ಲ. ಸವೆಯುವುದು ಕ್ಲಚ್ ಮತ್ತು ಅದನ್ನು ಒತ್ತುವ ಆಕ್ಚುಯೇಟರ್. ನಾಲ್ಕರಲ್ಲಿ ಸಾಮಾನ್ಯವಾಗಿ ಕಡಿಮೆ ಖರ್ಚಿನ ರಿಪೇರಿ ಇದರದೇ. ಆದರೆ ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಯಂತ್ರಕ್ಕೆ ಹೊಸ ಕ್ಲಚ್ಚಿನ ಪರಿಚಯ ಮಾಡಿಸಬೇಕು. ಮಾಡಿಸದಿದ್ದರೆ ಹೊಸ ಕ್ಲಚ್ಚೂ ಜಗ್ಗುತ್ತದೆ.

ಎರಡನೆಯದು ಟಾರ್ಕ್ ಕನ್ವರ್ಟರ್. ಇದು ಹಳೇ ತಲೆ. ಅಮೆರಿಕದಲ್ಲಿ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಬಂದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸಿನ ವಂಶದ್ದು. ಇಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯೇ ಸೇತುವೆ. ಎಣ್ಣೆ ಶುದ್ಧವಾಗಿದ್ದರೆ ಎರಡು ಲಕ್ಷ ಕಿ.ಮೀ. ಕೂಡ ಹೆಚ್ಚಲ್ಲ. ಎಣ್ಣೆ ಸುಟ್ಟರೆ ಒಳಗಿನ ಕ್ಲಚ್ ಬಿಲ್ಲೆಗಳೂ ಸುಡುತ್ತವೆ.

ಮೂರನೆಯದು ಸಿ.ವಿ.ಟಿ. ಇದರಲ್ಲಿ ಹಲ್ಲಿನ ಗೇರುಗಳ ಸಾಲೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟು. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರ್ ಓಡಿಸಿದವರಿಗೆ ಈ ತತ್ವ ಗೊತ್ತು. ಅಲ್ಲಿ ರಬ್ಬರ್ ಬೆಲ್ಟು, ಇಲ್ಲಿ ಉಕ್ಕಿನದು. ಇದಕ್ಕೆ ಅದರದೇ ಎಣ್ಣೆ ಬೇಕು. 'ಎಲ್ಲಾ ಒಂದೇ ಸಾರ್' ಎಂದು ಬೇರೆ ಗೇರ್ ಆಯಿಲ್ ಸುರಿದರೆ ಬೆಲ್ಟು ಜಾರಿ ಪುಲ್ಲಿಯ ಮೈ ಗೀರುತ್ತದೆ. ಆಮೇಲೆ ಹೆಚ್ಚಿನಂಶ ಬಾಕ್ಸೇ ಬದಲಿಸಬೇಕು.

ನಾಲ್ಕನೆಯದು ಜೋಡಿ ಕ್ಲಚ್, ಅಂದರೆ ಡಿ.ಸಿ.ಟಿ. ಒಂದು ಕ್ಲಚ್ ಒಂದು, ಮೂರು, ಐದನೇ ಗೇರಿಗೆ. ಇನ್ನೊಂದು ಎರಡು, ನಾಲ್ಕು, ಆರಕ್ಕೆ. ಹೈವೇಯಲ್ಲಿ ಇದರ ಸುಖವೇ ಸುಖ. ಆದರೆ ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನ ಬಾಕ್ಸುಗಳು ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತವೆ. ಇದನ್ನು ಆಳುವ ಮೆಕಾಟ್ರಾನಿಕ್ ಎಂಬ ಪೆಟ್ಟಿಗೆ ಕೆಟ್ಟರೆ ಖರ್ಚು ಕೇಳಬೇಡಿ. 2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಏಳು ಗೇರಿನ ಈ ಬಗೆಯ ಬಾಕ್ಸಿನ ಎಣ್ಣೆ ಬದಲಿಸಲು ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿತ್ತು. ಇಂಥ ಗಾಡಿ ಕೊಳ್ಳುವವರು ಕಂಪನಿ ಹೇಳಿದ ಕೆಲಸವೆಲ್ಲ ಆಗಿದೆಯೇ ಎಂದು ಸರ್ವೀಸ್ ದಾಖಲೆಯಲ್ಲಿ ನೋಡಲೇಬೇಕು.

ಭಾನುವಾರದ ಲೆಕ್ಕ

ವಿನೋಬನಗರದ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿಗೆ ಮಂಡಿನೋವು. ಹತ್ತು ವರ್ಷ ಹಳೆಯ, ಟಾರ್ಕ್ ಕನ್ವರ್ಟರ್ ಜಾತಿಯ ಕಾರೊಂದನ್ನು ದಲ್ಲಾಳಿ ಮಹಾಶಯರು ಮನೆ ಬಾಗಿಲಿಗೇ ತಂದರು. ಮೀಟರಿನಲ್ಲಿ 1,32,000 ಕಿ.ಮೀ. 'ಮೇಷ್ಟ್ರೇ, ಒಬ್ರೇ ಓನರು, ಸಾಫ್ಟ್‌ವೇರ್ ಇಂಜಿನಿಯರು. ಭಾನುವಾರ ಬಿಟ್ರೆ ಗಾಡಿ ತೆಗೀತಾನೇ ಇರ್ಲಿಲ್ಲ' ಎಂಬ ಮಾತಿಗೆ ಮೇಷ್ಟ್ರು ಕರಗಿ 20,000 ರೂಪಾಯಿ ಟೋಕನ್ ಕೊಟ್ಟರು. ರಸೀದಿ ಇಲ್ಲ.

ರಾತ್ರಿ ಮಲಗಿದ ಮೇಲೆ ಗಣಿತ ಎಚ್ಚರವಾಯಿತು. ಹತ್ತು ವರ್ಷಕ್ಕೆ 520 ಭಾನುವಾರ. ಭಾಗಿಸಿದರೆ ಭಾನುವಾರಕ್ಕೆ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಸಾಫ್ಟ್‌ವೇರ್ ಹುಡುಗ ಪ್ರತಿ ಭಾನುವಾರ ಇಷ್ಟು ದೂರ ಎಲ್ಲಿಗೆ ಹೋಗುತ್ತಿದ್ದ?

ಮರುದಿನ ಮೇಷ್ಟ್ರು ಆಟೋ ಕಾಂಪ್ಲೆಕ್ಸಿನ ಪರಿಚಯದ ಮೇಸ್ತ್ರಿಯನ್ನು ಕರೆದುಕೊಂಡು ಹೋದರು. ಮೇಸ್ತ್ರಿ ಬಾನೆಟ್ ಎತ್ತಲೂ ಇಲ್ಲ, ಮೇಲೆ ಕೈಯಿಟ್ಟು ನಕ್ಕರು. 'ಮೇಷ್ಟ್ರೇ, ಮುಟ್ಟಿ ನೋಡಿ, ದೋಸೆ ಹುಯ್ಬೋದು. ನಾವು ಬರೋಕ್ ಮುಂಚೆ ಅರ್ಧ ಗಂಟೆ ಓಡ್ಸಿದಾರೆ. ನಾಳೆ ಬೆಳಿಗ್ಗೆ ಬರೋಣ. ನಾನು ಬರೋವರೆಗೂ ಯಾರೂ ಕೀ ತಿರುಗಿಸ್ಬಾರ್ದು.'

ಮಾರನೇ ಬೆಳಿಗ್ಗೆ ತಣ್ಣಗಿದ್ದ ಗಾಡಿ ಸತ್ಯ ಹೇಳಿತು. ಡಿ ಗೆ ಹಾಕಿದರೆ ಮೂರು ಎಣಿಸುವವರೆಗೆ ಏನೂ ಇಲ್ಲ, ಆಮೇಲೆ 'ದಡ್' ಎಂದು ಮುಂದಕ್ಕೆ. ಸವಳಂಗ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿ ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಇಂಜಿನ್ ಕೂಗಿತು, ವೇಗ ಏರಲಿಲ್ಲ. ಸ್ಕ್ಯಾನರ್ ಹಾಕಿದರೆ ದೋಷದ ಸಂಕೇತ ಒಂದೂ ಇಲ್ಲ. ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆಯೂ ಖಾಲಿ. ಇತ್ತೀಚೆಗೆ ಯಾರೋ ಎಲ್ಲ ಅಳಿಸಿದ್ದಾರೆ ಎಂಬುದಕ್ಕೆ ಅದೇ ಗುರುತು. 'ಬರೀ ಆಯಿಲ್ ಚೇಂಜ್ ಮಾಡ್ಸಿದ್ರೆ ಸರಿಹೋಗುತ್ತೆ' ಎಂದು ದಲ್ಲಾಳಿ ಅಂದರು. 'ಹಾಗಾದ್ರೆ ನೀವೇ ಮಾಡ್ಸಿ ಕೊಡಿ' ಎಂದರು ಮೇಸ್ತ್ರಿ. ಉತ್ತರ ಬರಲಿಲ್ಲ.

ಮೇಷ್ಟ್ರು ಕಾರು ಬಿಟ್ಟರು. ಟೋಕನ್ ಹಣದಲ್ಲಿ ಮೂರು ವಾರ ಅಲೆದ ಮೇಲೆ 12,000 ಮಾತ್ರ ವಾಪಸ್ ಬಂತು. ಕಾರು ಸುಮ್ಮನೆ ಕೂರಲಿಲ್ಲ. ತಿಂಗಳೊಳಗೆ ಭದ್ರಾವತಿಯ ಒಂದು ಕುಟುಂಬ ಅದನ್ನು ಕೊಂಡಿತು. ಉಡುಪಿಗೆ ಹೋಗಿ ವಾಪಸ್ ಬರುವಾಗ ಆಗುಂಬೆ ಘಾಟಿಯ ತಿರುವಿನಲ್ಲಿ, ಮಕ್ಕಳು ಮರಿ ಸಮೇತ, ಮಳೆಯಲ್ಲಿ ಗಾಡಿ ಕೈಕೊಟ್ಟಿತು. ರೋಗ ದಲ್ಲಾಳಿಗೆ ಗೊತ್ತಿತ್ತು. ಭದ್ರಾವತಿಯವರ ಕಿವಿಗೆ ಯಾರೂ ಹಾಕಲಿಲ್ಲ.

ನೀವೇ ನೋಡಬಹುದಾದ್ದು

ಮೇಸ್ತ್ರಿಯನ್ನು ಕರೆದೊಯ್ಯುವ ಮೊದಲು ಗಿರಾಕಿಯೇ ಮಾಡಬಹುದಾದ ಪರೀಕ್ಷೆಗಳಿವೆ. ದುಡ್ಡು ಬೇಡ, ತಾಳ್ಮೆ ಬೇಕು.

ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ. ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು ರಿವರ್ಸಿಗೆ ಹಾಕಿ, ನ್ಯೂಟ್ರಲ್ಲಿಗೆ ತನ್ನಿ, ಡಿ ಗೆ ಹಾಕಿ. ಪ್ರತಿ ಸಲ ಗೇರ್ ಹಿಡಿಯಲು ಎಷ್ಟು ಹೊತ್ತು ಬೇಕು, ಎಷ್ಟು ಜೋರಾಗಿ ಗುದ್ದುತ್ತದೆ ನೋಡಿ. ಒಂದು ಸಣ್ಣ ಅಲುಗಾಟ ಸಹಜ. ಎರಡು ಮೂರು ಸೆಕೆಂಡಿನ ಮೌನ ಸಹಜವಲ್ಲ.

ಓಡಿಸುವುದು ಮನೆ ಸುತ್ತ ಒಂದು ರೌಂಡಲ್ಲ. ಕನಿಷ್ಠ ಮುಕ್ಕಾಲು ಗಂಟೆ, ಏಸಿ ಹಾಕಿಕೊಂಡು, ಪೇಟೆಯ ಸಂದಣಿಯಲ್ಲೂ ಹೈವೇಯಲ್ಲೂ ಓಡಿಸಿ. ಬಹಳ ಬಾಕ್ಸುಗಳು ತಣ್ಣಗಿದ್ದಾಗ ಸಾಧುಗಳು, ಎಣ್ಣೆ ಬಿಸಿಯಾಗಿ ತೆಳುವಾದ ಮೇಲೆ ಬಣ್ಣ ಬಯಲು. ಅರವತ್ತು ಎಪ್ಪತ್ತರಲ್ಲಿ ಆಕ್ಸಿಲರೇಟರ್ ಹಗುರವಾಗಿ ಹಿಡಿದು ಹೋಗುವಾಗ, ರಸ್ತೆ ನುಣುಪಾಗಿದ್ದರೂ ಕಲ್ಲುಗುಂಡಿನ ಮೇಲೆ ಹೋದ ಹಾಗೆ ಗಾಡಿ ನಡುಗಿದರೆ ಟಾರ್ಕ್ ಕನ್ವರ್ಟರಿನ ಒಳಗಿನ ಕ್ಲಚ್ ಸವೆದಿರಬಹುದು. ಸಿ.ವಿ.ಟಿ.ಯಲ್ಲಿ ಆಕ್ಸಿಲರೇಟರ್ ತುಳಿದಾಗ ಇಂಜಿನ್ ಮೊದಲು ಕೂಗಿ ವೇಗ ನಿಧಾನಕ್ಕೆ ಏರುವುದು ಸಹಜ. ಆದರೆ ವೇಗದ ಜೊತೆಗೆ ಏರುವ ಗುಂಯ್ ಸದ್ದು, ನಿಂತಲ್ಲಿಂದ ಹೊರಡುವಾಗ ನಡುಕ ಇದ್ದರೆ ಎಚ್ಚರ.

ಒಂದು ಏರಿನಲ್ಲಿ ನಿಲ್ಲಿಸಿ ಮುಂದಕ್ಕೆ ಹೊರಡಿ, ಅದೇ ಏರಿನಲ್ಲಿ ರಿವರ್ಸ್ ಹತ್ತಿಸಿ. ಮಲೆನಾಡಿನಲ್ಲಿ ಗಾಡಿ ಇಟ್ಟುಕೊಳ್ಳುವವರಿಗೆ ಇದು ಬಹಳ ಮುಖ್ಯವಾದ ಪರೀಕ್ಷೆ. ಎ.ಎಂ.ಟಿ. ಮತ್ತು ಜೋಡಿ ಕ್ಲಚ್ ಗಾಡಿಗಳ ಸವೆತ ಇಲ್ಲೇ ವಾಸನೆ ಸಮೇತ ಗೊತ್ತಾಗುತ್ತದೆ.

ಗೇರ್ ಎಣ್ಣೆ ನೋಡಲು ಕಡ್ಡಿ ಇರುವ ಗಾಡಿಯಾದರೆ ಎಳೆದು ಬಿಳಿ ಬಟ್ಟೆಗೆ ಒರೆಸಿ. ಟಾರ್ಕ್ ಕನ್ವರ್ಟರಿನ ಎಣ್ಣೆ ಹೊಸದರಲ್ಲಿ ಸಾಮಾನ್ಯವಾಗಿ ಕೆಂಪಗಿರುತ್ತದೆ. ಓಡಿದ ಹಾಗೆ ಸ್ವಲ್ಪ ಕಂದುವುದು ವಯಸ್ಸಿನ ಧರ್ಮ. ಡಿಕಾಕ್ಷನ್ ಹಾಗೆ ಕಪ್ಪಾಗಿ, ಸುಟ್ಟ ವಾಸನೆ ಹೊಡೆದರೆ ಒಳಗೆ ಬೆಂಕಿ ಬಿದ್ದಿದೆ ಎಂದು ಲೆಕ್ಕ. ರೋಸ್ ಮಿಲ್ಕಿನ ಹಾಗೆ ತಿಳಿಗುಲಾಬಿ ನೊರೆ ಕಂಡರೆ ರೇಡಿಯೇಟರಿನ ನೀರು ಗೇರ್‌ಬಾಕ್ಸಿಗೆ ನುಗ್ಗಿದೆ. ದರ ಕೇಳುವುದೂ ಬೇಡ, ಮನೆಗೆ ನಡೆಯಿರಿ. ಈಚಿನ ಬಹಳ ಗಾಡಿಗಳಲ್ಲಿ ಕಡ್ಡಿಯೇ ಇಲ್ಲ. ಅಂಥವನ್ನು ಎತ್ತಿ ನಿಲ್ಲಿಸಿ ಕೆಳಗಿನ ಬಿರಡೆ ಬಿಚ್ಚಿಯೇ ನೋಡಬೇಕು.

ಇನ್ನೊಂದು ಮಾತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ನಾಡೆಲ್ಲ ನೋಡಿದೆ. ಮುಳುಗಿದ ಗಾಡಿಯ ಗೇರ್‌ಬಾಕ್ಸ್ ಆಳುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಎಷ್ಟು ಆಯಸ್ಸು ಎಂದು ಹೇಳಲಾಗದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೊನೆಯಲ್ಲಿ ಕೆಸರಿನ ಕಲೆ ಇದೆಯೇ? ಕಾರ್ಪೆಟ್ ಎತ್ತಿ, ಸೀಟಿನ ಕಂಬಿಗೆ ತುಕ್ಕು ಹಿಡಿದಿದೆಯೇ?

ಮೀಟರ್ ನಂಬಬೇಡಿ, ಎಣ್ಣೆ ಬದಲಾವಣೆಯನ್ನೂ ನಂಬಬೇಡಿ

ಡಿಜಿಟಲ್ ಮೀಟರ್ ಬಂದ ಮೇಲೆ ಕಿಲೋಮೀಟರ್ ಹಿಂದಕ್ಕೆ ತಿರುಗಿಸುವುದು ಬಲ್ಲವರಿಗೆ ಸುಲಭದ ಕೆಲಸ. ಕಂಪನಿ ಸರ್ವೀಸಿನ ದಾಖಲೆ ಕೇಳಿ. ಪ್ರತಿ ಸಲದ ಕಿ.ಮೀ. ಅದರಲ್ಲಿ ಇರುತ್ತದೆ. ಮೀಟರಿನಲ್ಲಿ ಅರವತ್ತು ಸಾವಿರ ಇದ್ದು ಬ್ರೇಕ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಂಡರೆ, ನಂಬಬೇಕಾದ್ದು ಪೆಡಲನ್ನು.

ಮೀಟರ್ ನಿಜವೇ ಇದ್ದರೂ ಅದು ಹೇಳುವುದು ದೂರ ಮಾತ್ರ. ಚಿತ್ರದುರ್ಗದ ಹೈವೇಯಲ್ಲಿ ಓಡಿದ ಲಕ್ಷ ಬೇರೆ, ಸಿಲ್ಕ್ ಬೋರ್ಡ್, ಹೆಬ್ಬಾಳಗಳಲ್ಲಿ ತೆವಳಿದ ಲಕ್ಷ ಬೇರೆ. ಅದೇ ದೂರಕ್ಕೆ ನಗರದ ಗೇರ್‌ಬಾಕ್ಸ್ ಹಲವು ಪಟ್ಟು ಹೊತ್ತು ದುಡಿದಿರುತ್ತದೆ, ಹಲವು ಪಟ್ಟು ಗೇರ್ ಬದಲಿಸಿರುತ್ತದೆ.

'ಇದರ ಎಣ್ಣೆ ಲೈಫ್‌ಟೈಮ್ ಸಾರ್, ಬದಲಿಸೋದೇ ಬೇಡ' ಎಂಬುದು ಇನ್ನೊಂದು ಮಾತು. ಯಾರ ಲೈಫು? ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್.ಎಫ್. ಕಂಪನಿಯೇ ತನ್ನ ಆಟೋಮ್ಯಾಟಿಕ್ ಬಾಕ್ಸುಗಳ ಎಣ್ಣೆಯನ್ನು 80,000ದಿಂದ 1,20,000 ಕಿ.ಮೀ. ಒಳಗೆ, ತಪ್ಪಿದರೆ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ ಬಿಲ್ಲು ಇದ್ದರೆ ಆ ಗಾಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆದರೆ ಈಗಾಗಲೇ ಜಾರುತ್ತಿರುವ ಬಾಕ್ಸಿಗೆ ಹೊಸ ಎಣ್ಣೆ ಔಷಧವಲ್ಲ. ಸವೆದ ಬಿಲ್ಲೆಯನ್ನು ಎಣ್ಣೆ ಬೆಳೆಸುವುದಿಲ್ಲ. ಹೊಸ ಎಣ್ಣೆ ಹಾಕಿ ಕೆಲವು ದಿನ ನುಣ್ಣಗೆ ಓಡಿಸಿ ಮಾರಿ ಕೈತೊಳೆದುಕೊಳ್ಳುವವರಿದ್ದಾರೆ. ನಿನ್ನೆ ಮೊನ್ನೆ ಎಣ್ಣೆ ಬದಲಾದ ಗಾಡಿಗೆ 'ಈಗಲೇ ಏಕೆ?' ಎಂದು ಕೇಳಿ.

ಲೆಕ್ಕ ಹೀಗೆ ಹಾಕಿ. ಈ ಮಾಡೆಲ್ಲಿನ ಗೇರ್‌ಬಾಕ್ಸ್ ರಿಪೇರಿಗೆ ಎಷ್ಟು ಎಂದು ಕೊಳ್ಳುವ ಮೊದಲೇ ಎರಡು ಕಡೆ ವಿಚಾರಿಸಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೇ ಬಾಕ್ಸ್ ಸಿಗುತ್ತದೆಯೇ ಎಂದೂ ಕೇಳಿ. ಅನುಮಾನವಿದ್ದರೆ ಆ ಮೊತ್ತವನ್ನು ದರದಿಂದ ಕಳೆಯಿರಿ. ಮಾರುವವನು ಒಪ್ಪದಿದ್ದರೆ ಅವನಿಗೂ ರೋಗ ಗೊತ್ತಿದೆ. ಸಣ್ಣ ಹೊಸ ಕಾರುಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ 28ರ ಬದಲು ಶೇಕಡಾ 18 ಆಗಿದೆ. ಹೊಸದರ ಹಳೇ ದರ ಹೇಳಿ ಹಳೇ ಗಾಡಿಗೆ ಬೆಲೆ ಕಟ್ಟುವವರಿಗೆ ಇದನ್ನು ನೆನಪಿಸಿ.

ಕಾಗದವೂ ಗಾಡಿಯ ಭಾಗವೇ

ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು, ಕೊಂಡವನು 30 ದಿನದಲ್ಲಿ. ಫಾರಂ 29 ಮತ್ತು 30 ಇದಕ್ಕೇ ಇವೆ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಪತ್ರ ಹಾಗೂ ಫಾರಂ 35 ಇಲ್ಲದೆ ದುಡ್ಡು ಬಿಚ್ಚಬೇಡಿ. ಮಾರುವವರಿಗೂ ಒಂದು ಮಾತು: ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನ ಮೇಲೆಯೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನದಲ್ಲಿ ಅರ್ಜಿ ಕೊಡಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮ್ಮದಾಗದು.

2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆಯಬೇಕು ಎಂಬ ನಿಯಮ ಬಂದಿದೆ. ಅಂಥ ವ್ಯಾಪಾರಿಯಿಂದ ಬಿಲ್ಲು ಸಮೇತ ಕೊಂಡರೆ, ಮೋಸವಾದಾಗ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ರಸೀದಿಯಿಲ್ಲದ ಟೋಕನ್, ಹೆಸರಿಲ್ಲದ ದಲ್ಲಾಳಿ ಆದರೆ ಯಾವ ಬಾಗಿಲು ತಟ್ಟುತ್ತೀರಿ?

ನಮ್ಮ ಜನರಲ್ಲಿ ಒಂದು ವಿಚಿತ್ರ ಗುಣ ಇದೆ. ದಲ್ಲಾಳಿಗೆ ಹತ್ತು ಸಾವಿರ ಕಮಿಷನ್ ತುಟಿಪಿಟಿಕ್ಕೆನ್ನದೆ ಕೊಡುತ್ತಾರೆ. ಅರ್ಧ ದಿನ ಕೆಲಸ ಬಿಟ್ಟು ಗಾಡಿಯ ಕೆಳಗೆ ಮಲಗಿ ನೋಡಿದ ಮೇಸ್ತ್ರಿ ಸಾವಿರ ರೂಪಾಯಿ ಕೇಳಿದರೆ 'ನೋಡಿದ್ದಕ್ಕೇ ದುಡ್ಡಾ ಮಾರಾಯ?' ಎನ್ನುತ್ತಾರೆ. ಆ ಸಾವಿರ ಉಳಿಸಲು ಹೋಗಿ ಲಕ್ಷ ಕಳೆದುಕೊಂಡವರು ಊರಲ್ಲಿದ್ದಾರೆ.

ಊರಿನ ವ್ಯಾಪಾರಿಗಳಿಗೆ ನಮ್ಮದೊಂದು ಸೂಚನೆ. ಅಧಿಕೃತ ಪತ್ರವನ್ನು ಅಂಗಡಿಯ ಗೋಡೆಗೆ ತೂಗುಹಾಕಿ, ಗಿರಾಕಿಯ ಮೇಸ್ತ್ರಿಗೆ ತಣ್ಣಗಿನ ಗಾಡಿ ತೋರಿಸಿ, ಟೋಕನ್ನಿಗೆ ರಸೀದಿ ಕೊಡಿ. ಪ್ರಾಮಾಣಿಕ ವ್ಯಾಪಾರಿಗೆ ಇದರಿಂದ ಕಾಸಿನ ನಷ್ಟವಿಲ್ಲ. ಆರ್.ಟಿ.ಓ. ಸಾಹೇಬರು ಒಂದು ಸಂಜೆ ಬಿಡುವು ಮಾಡಿಕೊಂಡು ಸಾಗರ ರಸ್ತೆಯಲ್ಲಿ ನಡೆದು, ಎಷ್ಟು ಗೋಡೆಗಳ ಮೇಲೆ ಆ ಪತ್ರ ಇದೆ ಎಂದು ಎಣಿಸಿದರೆ ಇನ್ನೂ ಒಳ್ಳೆಯದು.